ಸೋದರತ್ತೆ ಸಹಿ ಹಾಕಲಿಲ್ಲ

ಕಳೆದ ಭಾನುವಾರ ನನ್ನ ಮಗಳಿಗೆ ಹೆಸರಿಡಬೇಕಿತ್ತು. ತೆಲುಗು ನಾಡಿನ ಮಿಯಾಪುರದ ನಮ್ಮ ಫ್ಲ್ಯಾಟಿನಲ್ಲಿ ತೊಟ್ಟಿಲು ರೆಡಿ, ರಾಯಚೂರಿನಿಂದ ಬಂದ ನೆಂಟರು ರೆಡಿ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆಯೇ ನಾಪತ್ತೆ!

ಸೋದರತ್ತೆ ಅಂದರೆ ನನ್ನ ಅಕ್ಕ ಶಾರದಾ. ಕಾರ್ಖಾನೆಗಳ ಸೇಫ್ಟಿ ವಾಲ್ವ್ ಪರೀಕ್ಷಿಸುವುದು ಅವಳ ಕೆಲಸ. ದೊಡ್ಡ ಟ್ಯಾಂಕುಗಳ ನೆತ್ತಿಯ ಮೇಲೆ ಕೂತಿರುವ ಈ ವಾಲ್ವ್, ಒಳಗಿನ ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆದುಕೊಳ್ಳಬೇಕು. ತೆರೆಯದಿದ್ದರೆ? ಟ್ಯಾಂಕೇ ಸಿಡಿಯುತ್ತದೆ.

"ಒಂದೆರಡು ತಾಸಿನ ಕೆಲಸ ಐತಿ" ಅಂತ ಬೆಳಿಗ್ಗೆ ಏಳಕ್ಕೆ ಹೋದವಳು ಹನ್ನೊಂದಾದರೂ ಫೋನ್ ಎತ್ತಲಿಲ್ಲ. (ಅವ್ವನ ಮುಖ ನೀವು ನೋಡಬೇಕಿತ್ತು.) ಸಿಟ್ಟಿನಲ್ಲೇ ಕಾರು ತೆಗೆದೆ.

ಊರಾಚೆಯ ಔಷಧಿ ಕಾರ್ಖಾನೆ. ಗೇಟಿನಲ್ಲಿ ಫೋನ್ ಇಸ್ಕೊಂಡು, ತಲೆಗೊಂದು ಹೆಲ್ಮೆಟ್ ಇಟ್ಟು ಒಳಗೆ ಬಿಟ್ಟರು. ಅಕ್ಕ, ಬಿಚ್ಚಿ ತಂದ ವಾಲ್ವನ್ನು ಟೆಸ್ಟ್ ಬೆಂಚಿಗೆ ಬಿಗಿಸಿ ಗೇಜಿನ ಮುಳ್ಳನ್ನೇ ನೋಡುತ್ತಿದ್ದಳು. ಹತ್ತು ಬಾರ್ ಒತ್ತಡಕ್ಕೆ ತೆರೆಯಬೇಕಾದದ್ದು, ಮುಳ್ಳು ಹನ್ನೆರಡು ಮುಟ್ಟಿದರೂ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಮ್ಯಾನೇಜರ್ ಹಿಂದಿಯಲ್ಲಿ ಅಂಗಲಾಚುತ್ತಿದ್ದರು. "ಇವತ್ತೊಂದಿನ ಸೈನ್ ಮಾಡಿ ಮೇಡಂ. ಸಂಜೆ ಬ್ಯಾಚ್ ಶುರು ಮಾಡಬೇಕು. ಮುಂದಿನ ವಾರ ಹೊಸದೇ ಹಾಕ್ತೀವಿ."

ನಾನೂ ದನಿಗೂಡಿಸಿದೆ. ಸುಳ್ಳು ಯಾಕೆ ಹೇಳಲಿ? "ಮಾಡಿಬಿಡು ಅಕ್ಕಾ. ಅಲ್ಲಿ ಎಲ್ಲಾರೂ ಕಾಯಾಕತ್ತಾರ."

ಅಕ್ಕ ಪಕ್ಕದಲ್ಲೇ ನಿಂತಿದ್ದ ಹಿರಿಯ ಆಪರೇಟರ್ ಮಲ್ಲಯ್ಯನವರ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದಳು, "ಬ್ಯಾಚ್ ನಡೆಯುವಾಗ ನೀವು ಎಲ್ಲಿ ನಿಂತಿರ್ತೀರಿ?"

"ಟ್ಯಾಂಕ್ ಪಕ್ಕದಲ್ಲೇ ಮೇಡಂ. ಎಂಟು ತಾಸು."

ನಾನು ಹಿಂದೆ ಸರಿದೆ. ಮ್ಯಾನೇಜರ್ ತಾವೇ ಸ್ಪ್ಯಾನರ್ ತಂದುಕೊಟ್ಟರು.

ವಾಲ್ವನ್ನು ಬಿಡಿಬಿಡಿಯಾಗಿ ಬಿಚ್ಚಿದರು. ಒಳಗೆ ಕಲ್ಲಿನಂತೆ ಗಟ್ಟಿಯಾಗಿ ಮೆತ್ತಿಕೊಂಡ ಗಸಿ. ಅದನ್ನು ಕೆರೆದು, ತೊಳೆದು, ಉಜ್ಜಿ ನುಣ್ಣಗೆ ಮಾಡಿ, ಮತ್ತೆ ಜೋಡಿಸುವ ಹೊತ್ತಿಗೆ ಒಂದೂವರೆ. ಮುಳ್ಳು ಹತ್ತು ಮುಟ್ಟಿದ್ದೇ, ಢಬ್! ನಾನು ಹೌಹಾರಿದೆ. ಮಲ್ಲಯ್ಯ ನಕ್ಕರು. ಅಕ್ಕ "ಇನ್ನೊಮ್ಮೆ" ಅಂದಳು. ಆಮೇಲೆ "ಮತ್ತೊಮ್ಮೆ". ಮೂರೂ ಸಲ ಹತ್ತಕ್ಕೇ ತೆರೆಯಿತು. ಆಗ ಸೀಲು, ಆಗ ಸಹಿ.

ಮನೆ ಮುಟ್ಟಿದಾಗ ಮೂರು ಗಂಟೆ. ಮಗು ಅತ್ತೂ ಅತ್ತೂ ನಿದ್ದೆ ಹೋಗಿತ್ತು. ಅಕ್ಕ ಕೈಯ ಗ್ರೀಸ್ ತಿಕ್ಕಿ ತೊಳೆದು, ಸೀರೆಯುಟ್ಟು, ತೊಟ್ಟಿಲಿಗೆ ಬಗ್ಗಿ ಮೆಲ್ಲಗೆ ಹೆಸರು ಹೇಳಿದಳು. ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು. (ಅವ್ವನ ಗುದ್ದು ಪದ್ಧತಿಗಿಂತ ಸ್ವಲ್ಪ ಜೋರೇ ಇತ್ತು.)

ಗುದ್ದಿದ ಅವ್ವನೇ ಕೇಳಿದಳು, "ಮುಂಜಾನಿಂದ ಏನರೆ ತಿಂದೀಯೇನು?"

"ಇಲ್ಲವ್ವಾ. ಭಾಳ ಹಸಿವಾಗೈತಿ."

ಅವ್ವ ತಾನೇ ತಟ್ಟೆ ತಂದು ಪಕ್ಕದಲ್ಲಿ ಕೂತಳು.

ನಿಮ್ಮ ಮನೆಯ ಫಂಕ್ಷನ್ನಿಗೂ ಸದಾ ತಡವಾಗಿ ಬರುವವರು ಒಬ್ಬರಿರುತ್ತಾರಲ್ಲ, ಯಾಕೆ ತಡವಾಯ್ತು ಅಂತ ಒಮ್ಮೆಯಾದರೂ ಬೈಯದೆ ಕೇಳಿದ್ದೀರಾ?