ಅಕ್ಕೋರ ಫೈಲಿನ ದಪ್ಪ ಅಕ್ಷರಗಳು

ನಮ್ಮಜ್ಜಿ ಸುಸ್ತಾಯಿತು ಅನ್ನುತ್ತಿರಲಿಲ್ಲ, ‘ಹಣ್ಣಾದೆ’ ಅನ್ನುತ್ತಿದ್ದಳು. ಆ ಮಾತು ನನ್ನ ಮೈಗೆ ಸರಿಯಾಗಿ ಹೊಂದಿದ್ದು ಆಂಧ್ರದ ಆದೋನಿಯ ನಮ್ಮ ಕನ್ನಡ ಮಾಧ್ಯಮದ ಶಾಲೆಯಲ್ಲಿ, ಒಂದೇ ಫೈಲನ್ನು ಮೂರು ಸಾಫ್ಟ್‌ವೇರಿನಲ್ಲಿ ತೆರೆಯುತ್ತಾ ಮುಚ್ಚುತ್ತಾ ಕೂತ ಆ ದಿನಗಳಲ್ಲಿ.

ಫೈಲು ನನ್ನದಲ್ಲ. ವಿಜ್ಞಾನ ಹೇಳುವ ಅಕ್ಕೋರದು. ಹತ್ತನೇ ತರಗತಿಯ ಪಾಠಗಳಿಗೆಲ್ಲ ಅವರೇ ಕನ್ನಡದಲ್ಲಿ ನೋಟ್ಸ್ ಟೈಪು ಮಾಡಿದ್ದರು. ಚಿತ್ರ, ಕೋಷ್ಟಕ, ಸೂತ್ರ ಎಲ್ಲಾ ಇತ್ತು. ಊಟದ ಬಿಡುವಿನಲ್ಲಿ ಡಬ್ಬಿ ಪಕ್ಕಕ್ಕಿಟ್ಟುಕೊಂಡು, ಊರಿನ ಹತ್ತಿ ಗಿರಣಿಗಳಿಂದ ಹಾರಿ ಕೀಬೋರ್ಡಿನ ಮೇಲೆ ಬಂದು ಕೂಡುವ ಎಳೆಗಳನ್ನು ಊದುತ್ತಾ, ವರ್ಷಗಟ್ಟಲೆ ಕೂಡಿಸಿದ್ದು. ಏಪ್ರಿಲ್ ಕೊನೆಗೆ ಅವರ ನಿವೃತ್ತಿ. ಅಷ್ಟರೊಳಗೆ ಹೊಸದಾಗಿ ಬಂದ ಎರಡು ಪಾಠಗಳನ್ನು ಸೇರಿಸಿ, ಮುಂದೆ ಬರುವ ಟೀಚರಿಗೆ ಒಪ್ಪಿಸಿ ಹೋಗಬೇಕೆಂಬುದು ಅವರ ಆಸೆ.

ಒಂದು ದಿನ ಸ್ಟಾಫ್ ರೂಮಿಗೆ ಬಂದು, ‘ಸರ್, ಆಫೀಸ್ ಕೆಟ್ಟೈತಿ’ ಅಂದರು.

‘ಅದು ಯಾವಾಗ ಸರಿ ಇತ್ತು ಬಿಡ್ರಿ. ಈಗ ಮತ್ತ ಯಾವ ರಿಪೋರ್ಟ್ ಕೇಳ್ಯಾರ?’

‘ಆ ಆಫೀಸಲ್ರಿ. ಕಂಪ್ಯೂಟರ್‌ನಾಗಿನ ಆಫೀಸು. ಫೈಲ್ ತೋರಸ್ತೈತಿ, ಕೈ ಹಚ್ಚಾಕ ಬಿಡವಲ್ದು.’

ಹೋಗಿ ನೋಡಿದರೆ ಮೇಲೆ ಒಂದು ಕೆಂಪು ಪಟ್ಟಿ. ಕಂಪ್ಯೂಟರಿನ ಜೊತೆ ಬಂದಿದ್ದ ಆಫೀಸಿನ ಗಡುವು ಮುಗಿದಿದೆ, ಇನ್ನು ಓದಬಹುದು, ತಿದ್ದುವ ಹಾಗಿಲ್ಲ. ಹಿಂದೊಮ್ಮೆ ಪ್ರಿಂಟರಿನಲ್ಲಿ ಸಿಕ್ಕ ಹಾಳೆಯನ್ನು ನಾನು ಎಳೆದು ತೆಗೆದಿದ್ದೆ. ಅಂದಿನಿಂದ ಶಾಲೆಯಲ್ಲಿ ಕಂಪ್ಯೂಟರ್ ಪಂಡಿತ ನಾನೇ. ಬಿಟ್ಟಿಯಾಗಿ ಸಿಗುವ ಬೇರೆ ಆಫೀಸನ್ನು ಹುಡುಕುವ ಕೆಲಸ ನನ್ನ ಕೊರಳಿಗೆ ಬಿತ್ತು.

‘ನಾ ಹೋದ ಮ್ಯಾಲ ಈ ಸಾಲ್ಯಾಗ ನಂದಂತ ಉಳಿಯೂದು ಇದೊಂದ. ಯಾವುದರ ಹಾಕ್ರಿ, ಒಂದಕ್ಷರ ಕದಲಬಾರದು ನೋಡ್ರಿ’ ಅಂದರು ಅಕ್ಕೋರು.

ಮೊದಲನೆಯದು ಹಾಕಿದೆ. ಫೈಲು ತೆರೆಯಿತು. ಕೋಷ್ಟಕಗಳು ಹಾಳೆಯ ಅಂಚು ದಾಟಿ ಹೊರಗೆ ಹೋಗಿದ್ದವು, ಸೂತ್ರಗಳ ಜಾಗದಲ್ಲಿ ಖಾಲಿ ಚೌಕಗಳು. ಅದನ್ನು ತೆಗೆದೆ. ಎರಡನೆಯದು ಇಂಟರ್ನೆಟ್ಟಿನಲ್ಲಿ ನಡೆಯುವಂಥದು, ನಮ್ಮಲ್ಲಿ ಇಂಟರ್ನೆಟ್ ಮನಸ್ಸಿಗೆ ಬಂದಾಗ ಬರುವಂಥದು. ಅರ್ಧ ಪಾಠ ಬಂದು ಚಕ್ರ ತಿರುಗುತ್ತಾ ನಿಂತಿತು. ಅಕ್ಕೋರು ಆ ಚಕ್ರವನ್ನು ಸ್ವಲ್ಪ ಹೊತ್ತು ನೋಡಿ, ಗಂಟೆ ಹೊಡೆದ ಮೇಲೆ ಎದ್ದು ಕ್ಲಾಸಿಗೆ ಹೋದರು.

ಮೂರನೆಯದರಲ್ಲಿ ಕೋಷ್ಟಕ ಕೂತಲ್ಲೇ ಕೂತಿತ್ತು. ಸೂತ್ರ ಸರಿ, ಚಿತ್ರ ಸರಿ. ಅಬ್ಬಾ ಅಂದುಕೊಂಡು ಅಕ್ಕೋರನ್ನು ಕರೆದೆ. ಅವರು ಕನ್ನಡಕ ಏರಿಸಿ ನಾಲ್ಕು ಪುಟ ಸರಿಸಿದರು. ಮುಖ ಇಳಿಯಿತು.

‘ಇದೇನ್ ಸರ್, ನಡುನಡುವ ಅಕ್ಷರ ಬಾತ್ಕೊಂಡಾವಲ್ಲ.’

ನಿಜ. ಪುಟಕ್ಕೆ ಐದಾರು ಪದಗಳು, ಕೆಲವು ಕಡೆ ಇಡೀ ಸಾಲು, ದಪ್ಪಗೆ ದುಂಡಗೆ ಆಗಿದ್ದವು. ಹಳೆಯ ಆಫೀಸಿನಲ್ಲಿ ತೆರೆದರೆ ಎಲ್ಲ ಒಂದೇ ಅಳತೆ, ಎಲ್ಲ ನೆಟ್ಟಗೆ. ಫಾಂಟು ಬದಲಿಸಿದೆ. ದಪ್ಪ ಪದಗಳು ಅಲುಗಲಿಲ್ಲ. ತೆಗೆದು ಮತ್ತೆ ಹಾಕಿದೆ. ಊಹೂಂ. ‘ಇದೂ ದಂಡ’ ಅಂದೆ. ಅಕ್ಕೋರು ಕನ್ನಡಕ ಮಡಚಿ ಎದ್ದರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಯ ಸಾಬರ ಬಳಿ ಹೋದೆ. ಅವರು ಓದಿದ್ದು ತೆಲುಗು, ಮನೆಮಾತು ಉರ್ದು. ಕನ್ನಡ ನಮ್ಮಷ್ಟೇ ಚೆನ್ನಾಗಿ ಮಾತಾಡುತ್ತಾರೆ, ಆದರೆ ಓದಲು ಬಾರದು. ಅವರ ಕಂಪ್ಯೂಟರಿನಲ್ಲೂ ಅದೇ ಮೂರನೇ ಆಫೀಸು ಇತ್ತು. ಫೈಲು ತೆರೆದು ಪರದೆಯನ್ನು ನನ್ನ ಕಡೆ ತಿರುಗಿಸಿದರು.

‘ಏನಾಗೈತಿ ಮಾಸ್ತರ್ ಇದಕ್ಕ?’

‘ನೋಡ್ರಿ, ಕೆಲವು ಪದ ಕೆಟ್ಟಾವ.’

ಸಾಬರು ಬಗ್ಗಿ ನೋಡಿದರು. ದಪ್ಪ ಪದಗಳ ಮೇಲೆ ಬೆರಳಿಟ್ಟು ಒಂದೊಂದೇ ಓದಿದರು. ‘ಶಕ್ತಿ. ಹಾಗೂ. ಆದ್ದರಿಂದ. ಇವು ಬರಾಬರ್ ಅದಾವಲ್ಲ ಮಾಸ್ತರ್? ಬಾಕಿವು ಖರಾಬ್ ಆಗ್ಯಾವ.’

ನಾನು ನಗಲು ಹೋದವನು ಅಲ್ಲೇ ನಿಂತೆ. ಕನ್ನಡ ಓದಲು ಬಾರದ ಮನುಷ್ಯ ಆ ಪದಗಳನ್ನಷ್ಟೇ ತಡವರಿಸದೆ ಓದಿದ್ದ. ಕಣ್ಣನ್ನು ಪರದೆಯ ಹತ್ತಿರ ಒಯ್ದೆ. ‘ಕ’ದ ಮೇಲಿನ ತಲಕಟ್ಟು ಟಿಕ್ ಮಾರ್ಕಿನ ಹಾಗೆ ನಿಂತಿತ್ತು. ‘ತ’, ‘ಹ’, ‘ಶ’ ಎಲ್ಲ ಹಾಗೇ. ಅವು ತೆಲುಗು ಅಕ್ಷರಗಳು.

ಆಮೇಲೆ ಬಿಡಿಸಿಕೊಳ್ಳಲು ಹೊತ್ತು ಹಿಡಿಯಲಿಲ್ಲ. ಅಕ್ಕೋರು ಬಳಸುವ ಕೀಬೋರ್ಡಿನಲ್ಲಿ ಎರಡೂ ಭಾಷೆಗೆ ಕೀಲಿಗಳ ಜಾಗ ಒಂದೇ. ಕನ್ನಡದ ‘ಕ’ ಒತ್ತುವಲ್ಲೇ ತೆಲುಗಿನ ‘ಕ’. ನೋಟ್ಸಿನ ನಡುವೆ ಇಲಾಖೆಗೆ ಕಳಿಸುವ ತೆಲುಗು ರಿಪೋರ್ಟು ಟೈಪು ಮಾಡಿ, ಭಾಷೆ ಬದಲಿಸುವುದು ಮರೆತು ಮತ್ತೆ ನೋಟ್ಸಿಗೆ ಬಂದಿದ್ದಾರೆ. ಬೆರಳಿಗೆ ತಿಳಿದಿಲ್ಲ, ಕಣ್ಣಿಗೂ ತಿಳಿದಿಲ್ಲ. ಹಳೆಯ ಆಫೀಸು ಎರಡೂ ಲಿಪಿಗೆ ಒಂದೇ ಫಾಂಟಿನ ಬಟ್ಟೆ ತೊಡಿಸಿ ಮುಚ್ಚಿಟ್ಟಿತ್ತು. ಹೊಸದು ಬೇರೆ ಬೇರೆ ಬಟ್ಟೆ ತೊಡಿಸಿ ನಿಲ್ಲಿಸಿತ್ತು. ನಾನು ಅದೇ ನೋಟ್ಸಿನ ಪ್ರಿಂಟನ್ನು ಎಷ್ಟು ಸಲ ಓದಿದ್ದೆ. ಮಕ್ಕಳು ಓದಿ ಪಾಸಾಗಿದ್ದರು. ಹೆಡ್ಮಾಸ್ತರರು ಸಹಿ ಹಾಕಿದ್ದರು. ಬೋರ್ಡನ್ನು ತೆಲುಗಿನಲ್ಲಿ ಓದಿ ಬಸ್ಸು ಹತ್ತಿ, ಕನ್ನಡದಲ್ಲಿ ಸೀಟು ಕೇಳುವ ಜನ ನಾವು. ಯಾರಿಗೂ ಕಾಣಲಿಲ್ಲ.

ಅಕ್ಕೋರಿಗೆ ಹೇಳಿದೆ. ಅವರು ಕುರ್ಚಿಯ ಮೇಲೆ ಮೆಲ್ಲಗೆ ಕೂತರು.

‘ಅಂದ್ರ ಕೆಟ್ಟಿದ್ದು ನಾನ.’

‘ಹಂಗಲ್ರಿ ಅಕ್ಕೋರ.’

‘ಹಂಗ ರೀ. ಬರೂ ಟೀಚರ್ ಇದನ್ನ ನೋಡಿ ಏನಂತಾಳ? ಇಷ್ಟು ವರ್ಷ ಕಲಿಸಿದಾಕಿಗೆ ಕನ್ನಡ ಅಕ್ಷರನ ಬರೂದಿಲ್ಲ ಅಂತಾಳ.’

ಮೂರನೇ ಆಫೀಸೇ ಇರಲಿ ಎಂದು ಅವರೇ ಹೇಳಿದರು. ತಪ್ಪು ಕಾಣಿಸುವುದು ಅದೊಂದರಲ್ಲೇ. ಅಂದಿನಿಂದ ಬಿಡುವಿದ್ದಾಗಲೆಲ್ಲ ತಿದ್ದಲು ಕೂತೆವು. ನಾನು ದಪ್ಪ ಪದ ತೋರಿಸುವುದು, ಅವರು ಅಳಿಸಿ ಮತ್ತೆ ಒತ್ತುವುದು. ಮಧ್ಯೆ ಪರೀಕ್ಷೆ ಬಂತು, ಮೌಲ್ಯಮಾಪನ ಬಂತು, ಕರೆಂಟ್ ಹೋಯಿತು. ಒಂದು ಮಧ್ಯಾಹ್ನ ಅವರ ಬೆರಳು ಮತ್ತೆ ತೆಲುಗಿಗೇ ಜಾರಿ, ತಿದ್ದಿದ್ದೆಲ್ಲ ದಪ್ಪಗಾಗಿ ಬಂತು. ಅದನ್ನೆಲ್ಲ ಅಳಿಸಿ ಮತ್ತೆ ಮೊದಲಿಂದ ಶುರು ಮಾಡಿದೆವು. ಕೊನೆಯ ದಿನ ಹಾರ ಹಾಕಿ ಕಳಿಸಿದಾಗ ಹೊಸ ಎರಡು ಪಾಠ ಸೇರಿದ್ದವು, ಆದರೆ ಕೊನೆಯ ನಾಲ್ಕನ್ನು ತಿದ್ದುವುದು ಇನ್ನೂ ಉಳಿದಿತ್ತು. ‘ನೀವು ನೋಡ್ಕೊಳ್ರಿ’ ಅಂದರು. ಹೂಂ ಅಂದೆ. ನೋಡಿಕೊಳ್ಳಲಿಲ್ಲ. ಹಣ್ಣಾಗಿದ್ದೆ.

ಶಾಲೆ ತೆರೆದ ಮೇಲೆ ನಮ್ಮ ಜಿಲ್ಲೆಯದೇ ಚಿಪ್ಪಗಿರಿ ಕಡೆಯ ಹೊಸ ಟೀಚರ್ ಬಂದರು. ದಿನಾ ಎರಡು ಆಟೋ ಬದಲಿಸಿ ಬರುವ ಹುಡುಗಿ, ಬಲು ಹುರುಪಿನವಳು. ಕೊನೆಯ ಪಾಠಗಳು ಬಂದ ಕಾಲಕ್ಕೆ ಒಮ್ಮೆ ಸ್ಟಾಫ್ ರೂಮಿನಲ್ಲಿ ಹೇಳಿದಳು:

‘ಸರ್, ಅಕ್ಕೋರ ನೋಟ್ಸ್ ಭಾಳ ಚಲೋ ಅದಾವ. ಮುಖ್ಯ ಪದ ಎಲ್ಲಾ ದಪ್ಪ ಮಾಡಿ ಇಟ್ಟಾರ. ಮಕ್ಕಳ ಕಡಿಂದ ಅವಕ್ಕ ಕೆಂಪು ಗೆರಿ ಹೊಡಿಸೀನಿ.’

ಮಕ್ಕಳ ನೋಟ್‌ಬುಕ್ ಒಂದನ್ನು ತೆಗೆದು ನೋಡಿದೆ. ‘ಹಾಗೂ’ ಕೆಳಗೆ ಕೆಂಪು ಗೆರೆ. ‘ಆದ್ದರಿಂದ’ ಕೆಳಗೆ ಎರಡು.

ಸಂಜೆ ಅಕ್ಕೋರಿಗೆ ಫೋನು ಮಾಡಿದೆ. ಗೆರೆಗಳ ಸುದ್ದಿ ಹೇಳಿದೆ.

‘ಆಕಿಗೂ ತಿಳೀಲಿಲ್ಲೇನು, ತೆಲುಗಂತ?’

‘ಇಲ್ರಿ.’

ಉಸಿರು ಬಿಟ್ಟಿದ್ದು ಕೇಳಿಸಿತು. ‘ನಮ್ಮ ಕಡಿಯಾಕಿನ ಬಿಡ್ರಿ.’ ಆಮೇಲೆ ಕೇಳಿದರು, ‘ಮಕ್ಕಳು “ಹಾಗೂ” ಬಾಯಿಪಾಠ ಮಾಡ್ಯಾವೇನು?’

‘ಗೆರಿಯಂತೂ ಹೊಡದಾವ.’

‘ನಾಳಿ ಊಟದ ಬಿಡುವಿಗೆ ಬರ್ತೀನಿ. ಕಂಪ್ಯೂಟರ್ ರೂಮಿನ ಕೀಲಿ ತಗದಿಡ್ರಿ’ ಅಂದು ಫೋನಿಟ್ಟರು.