ಫ್ಲಾರೆನ್ಸಿನಲ್ಲಿ ಕಳಚಿದ ಬೂಟು

"ಬೀಡಿ ಕಟ್ಟುವವರ ಮನೆಗೆ ಡಿಗ್ರಿ ಬರ್ಲಿಕ್ಕುಂಟಾ?" ಎಂದಿದ್ದವನು ನನ್ನ ಅಣ್ಣ. ಡಿಗ್ರಿ ಬಂತು. ಬಹರೈನಿನಲ್ಲಿ ಮ್ಯೂಸಿಯಂ ಕೆಲಸವೂ ಸಿಕ್ಕಿತು. ಅವರೇ ತರಬೇತಿಗೆಂದು ಇಟಲಿಯ ಫ್ಲಾರೆನ್ಸಿಗೆ ಕಳಿಸಿದರು.

ಅಲ್ಲಿ ಕೊನೆಯ ದಿನ ಚಿತ್ರಗಳದ್ದು, ವಿಜ್ಞಾನದ್ದು, ಇತಿಹಾಸದ್ದು ಎಂದು ಮ್ಯೂಸಿಯಂ ಸುತ್ತಿ ಸುತ್ತಿ ಕಾಲು ಸೋತಿತ್ತು. ಎಲ್ಲಿ ಏನು ನೋಡಿದೆನೆಂಬುದೂ ತಲೆಯಲ್ಲಿ ಕಲಸಿಹೋಗಿತ್ತು. ಮಗುವನ್ನೆತ್ತಿಕೊಂಡ ಮೇರಿಯಮ್ಮನ ಚಿತ್ರವಿದ್ದ ಕೋಣೆಯ ಹೊಸ್ತಿಲಲ್ಲಿ, ಊರಿನ ಅಭ್ಯಾಸದಂತೆ ಬೂಟು ಕಳಚಿಟ್ಟೆ. ಮುದಿ ಕಾವಲುಗಾರ ಓಡಿಬಂದ. ಬೈಯುತ್ತಾನೆಂದುಕೊಂಡರೆ, ನನಗೆ ಕಾಲುನೋವೆಂದು ತಿಳಿದು ತನ್ನ ಸ್ಟೂಲನ್ನೇ ತಂದುಕೊಟ್ಟ. ಇದು ಭಕ್ತಿ ಎಂದು ಹೇಳಲು ಅವನ ಭಾಷೆ ನನಗೆ ಬರುತ್ತಿರಲಿಲ್ಲ, ತ್ರಾಣವೂ ಇರಲಿಲ್ಲ. ಕೂತುಬಿಟ್ಟೆ.

ಇವತ್ತು ಬಹರೈನ್ ವಿಮಾನ ನಿಲ್ದಾಣದಲ್ಲಿ ಇಳಿದರೆ, ಅದೇ ಊರಿನ ಗುಫೂಲ್ ಬಡಾವಣೆಯಲ್ಲಿ ಕಟ್ಟಡದ ಕೆಲಸ ಮಾಡುವ ಅಣ್ಣ, ಕೆಲಸದಿಂದ ನೇರ ಬಂದು ಸಿಮೆಂಟು ಮೆತ್ತಿದ ಶೂನಲ್ಲೇ ನಿಂತಿದ್ದ. ತರಬೇತಿಯ ಸರ್ಟಿಫಿಕೇಟು ಮುಂದೆ ಹಿಡಿದೆ. ಅವನು ಕೈ ಚಾಚಲಿಲ್ಲ. ಬಗ್ಗಿ ಲೇಸು ಬಿಚ್ಚತೊಡಗಿದ.

"ಎಂಥ ಅಣ್ಣ ಇದು? ಜನ ನೋಡ್ತಾರೆ."

"ನೋಡ್ಲಿ ಮಾರಾಯ."

ಬರಿಗಾಲಲ್ಲಿ ನಿಂತು, ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

"ನಮ್ಮ ಮನೆಗೆ ಇಂಥದ್ದು ಬರ್ಲಿಕ್ಕಿಲ್ಲ ಅಂದವ ನಾನೇ ಅಲ್ವಾ? ಬಂದ ಮೇಲೆ ಶೂ ಹಾಕಿ ಮುಟ್ಲಿಕ್ಕಾಗ್ತದಾ?"