ಒಂದು ಬೇಸಿಗೆಗೆಂದು ಬಂದ ಎರ್ಸಿಲಿಯಾ

ಹೋವಿತಾ ಆ ದಂಡೆಗೆ ಮೊದಲ ಸಲ ಹೋದದ್ದು ಕಲ್ಲು ಆರಿಸಿ ತರಲು. ಗಂಡ ತೀರಿಕೊಂಡ ವರ್ಷ ಅದು. ಅವಳ ಆಲೂಗಡ್ಡೆ ಅಗೆದು ಕೊಡಲು ಊರವರೆಲ್ಲ ಬರುವುದೆಂದು ಮಾತಾಗಿತ್ತು. ಬಂದವರಿಗೆ ಹೊಟ್ಟೆ ತುಂಬ ಕುರಾಂತೊ ಉಣಿಸುವುದು ಮನೆಯವಳ ಹೊಣೆ. ಗುಂಡಿ ತೋಡಿ, ಕಲ್ಲು ಕಾಯಿಸಿ, ಅದರ ಮೇಲೆ ಚಿಪ್ಪಿ, ಹಂದಿಮಾಂಸ, ಆಲೂಗಡ್ಡೆ ಸುರಿದು, ಅಗಲ ಎಲೆ ಮುಚ್ಚಿ ಬೇಯಿಸಬೇಕು. ಕಲ್ಲು ತರುವ ಕೆಲಸ ಮಾತ್ರ ಯಾವಾಗಲೂ ಗಂಡನದಾಗಿತ್ತು.

ಚಿಲೊಯೆ ದ್ವೀಪದ ಆ ಮಗ್ಗುಲಿಗೆ ದಾರಿಯಿಲ್ಲ. ಕಡಲ ಉಬ್ಬರ ಇಳಿದಾಗ ಬಂಡೆ ಬಳಸಿ ಹೋಗಬೇಕು, ಏರುವ ಮುಂಚೆ ತಿರುಗಿ ಬರಬೇಕು. ಮೂಳೆ ಕೊರೆಯುವ ನೀರು, ಹೆಸರಿಗೂ ಮರಳಿಲ್ಲ, ಉದ್ದಕ್ಕೂ ಬೂದು ಗುಂಡುಕಲ್ಲು. ಅಲೆ ತೊಳೆದಲ್ಲಿ ಕಲ್ಲು ಮಿನುಗುತ್ತಿತ್ತು. ಹೋವಿತಾ ಚಂದದವನ್ನೇ ಆರಿಸಿ ಬುಟ್ಟಿಗೆ ಹಾಕುತ್ತಿದ್ದಾಗ ಹಿಂದಿನಿಂದ ಯಾರೋ ಕೇಳಿದರು.

“ಊಟಕ್ಕೆ ಬರುವವರ ಮೇಲೆ ಅಷ್ಟೊಂದು ಸಿಟ್ಟು ಯಾಕಮ್ಮ?”

ಗಿಡ್ಡ ಮುದುಕಿ. ಹೆಗಲ ಮೇಲೆ ಕೊಚಾಯುಯೊ ಹೊರೆ, ಬಂಡೆಗೆ ಅಂಟಿ ಬೆಳೆಯುವ ತೊಗಲಿನಂಥ ಕಡಲಬಳ್ಳಿ. ಅಲೆಯ ಕಲ್ಲು ನೀರು ಕುಡಿದಿರುತ್ತದೆ, ಬೆಂಕಿಗೆ ಬಿದ್ದರೆ ಸಿಡಿದು ಮುಖಕ್ಕೆ ಹಾರುತ್ತದೆ ಎಂದಳು. ಬುಟ್ಟಿ ಬೋರಲು ಹಾಕಿ, ಮೇಲಿನ ದಿಬ್ಬಕ್ಕೆ ಕರೆದೊಯ್ದು, ಒಣಗಿ ಗಟ್ಟಿಯಾದವನ್ನು ತಾನೇ ಆರಿಸಿ ತುಂಬಿದಳು. ಹೆಸರು ಎರ್ಸಿಲಿಯಾ ಅಂತೆ. ದಿಬ್ಬದ ಹಿಂದೆ ಅವಳ ಹಲಗೆಮನೆ, ಬೇರೆ ಒಂದು ನರಪಿಳ್ಳೆಯೂ ಇಲ್ಲ. ಇಂಥ ಕಡೆ ಒಬ್ಬಳೇ ಯಾಕಿದ್ದೀ ಎಂದು ಹೋವಿತಾ ಕೇಳದೆ ಇರಲಾರದೆ ಕೇಳಿದಳು.

“ಒಂದು ಬೇಸಿಗೆಗೆ ಅಂತ ಬಂದೆ ಕಣೆ. ಆ ಬೇಸಿಗೆ ಇನ್ನೂ ಮುಗಿದಿಲ್ಲ.”

ಅಷ್ಟರಲ್ಲಾಗಲೇ ಜಡಿಮಳೆ ಸುರಿಯತೊಡಗಿತ್ತು.

ಆ ಮಾತು ಹೋವಿತಾಳ ತಲೆಯಿಂದ ಇಳಿಯಲಿಲ್ಲ. ನೀರು ಚೆನ್ನಾಗಿ ಇಳಿದಾಗಲೆಲ್ಲ ರೊಟ್ಟಿ ಕಟ್ಟಿಕೊಂಡು ಹೋದಳು, ಹೋದಾಗಲೆಲ್ಲ ಒಂದಿಷ್ಟು ಕತೆ ತಂದಳು. ಎರ್ಸಿಲಿಯಾಳ ಗಂಡ ಕುರಿ ಉಣ್ಣೆ ಕತ್ತರಿಸುವ ಕೂಲಿಗೆಂದು ದಕ್ಷಿಣಕ್ಕೆ ಹೋದವನು ಮರಳಲಿಲ್ಲವಂತೆ. ಅವನಿಗಾಗಿ ಕಾಯುತ್ತಿದ್ದೀಯಾ ಅಂದರೆ ಎರ್ಸಿಲಿಯಾ ನಕ್ಕಳು. ಬಂದರೂ ಮಲಗಿಸಲು ಜಾಗವೆಲ್ಲಿ, ಮನೆ ತುಂಬ ಒಣಗಿಸಿದ ಬಳ್ಳಿ ಅಂದಳು. ನಿಜವಾದ ಕಾರಣ ಬೇರೊಂದು ದಿನ ಹೊರಬಿತ್ತು. ರಾತ್ರಿಯೆಲ್ಲ ಅಲೆ ಕಲ್ಲು ಎಳೆದಾಡಿ ಬೆಳಗಾಗುವಷ್ಟರಲ್ಲಿ ದಂಡೆಯನ್ನು ಬೇರೆಯೇ ಮಾಡಿಟ್ಟಿರುತ್ತದೆ, ನಾಳೆ ಹೇಗಿರುತ್ತೋ ನೋಡದೆ ಹೋಗಲು ಮನಸ್ಸು ಒಪ್ಪುವುದಿಲ್ಲ ಎಂದಳು.

ಒಂದು ಮಾಗಿಯ ಮೊದಲಲ್ಲಿ ಅವಳು ಬಂಡೆಯಿಂದ ಜಾರಿ ಮೊಣಕಾಲು ಮುರಿದುಕೊಂಡಳು. ಹೋವಿತಾ ಆಕಸ್ಮಿಕವಾಗಿ ಹೋದದ್ದಕ್ಕೆ ಬದುಕಿದಳು. ಇನ್ನು ಇವಳನ್ನು ಇಲ್ಲಿ ಬಿಟ್ಟರೆ ಹೆಣ ಹುಡುಕಬೇಕಾಗುತ್ತದೆ ಎಂದು ಹೋವಿತಾಗೆ ಭಯ ಹೊಕ್ಕಿತು. ನನ್ನ ಮನೆಗೆ ಬಾ ಎಂದರೆ ಕೇಳಲಿಲ್ಲ. ನಿನ್ನ ಮನೆಯನ್ನೇ ತರುತ್ತೇವೆ ಅಂದಾಗ, ಒಂದು ಮಾಗಿ ಮಟ್ಟಿಗೆ ಎಂದು ಒಪ್ಪಿದಳು.

ದ್ವೀಪದ ವಾಡಿಕೆಯಂತೆ ಊರವರು ಬಂದು ಮನೆಯ ಅಡಿಗೆ ದಿಮ್ಮಿ ಕೊಟ್ಟು, ನೀರಿನ ಅಂಚಿಗೆ ಜಾರಿಸಿ, ಸುತ್ತ ಪೀಪಾಯಿ ಕಟ್ಟಿ, ದೊಡ್ಡ ಉಬ್ಬರದಲ್ಲಿ ತೇಲಿಸಿ ದೋಣಿಗಳಿಂದ ಎಳೆದರು. ಎರ್ಸಿಲಿಯಾ ಒಳಗೇ ಕುಳಿತಿದ್ದಳು. ಒಳಗಿನ ಬಳ್ಳಿ ಇಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹಲಗೆಯ ಸಂದಿಯಿಂದ ನುಗ್ಗಿದ ನೀರನ್ನೆಲ್ಲ ಅದು ಹೀರಿ ಉಬ್ಬಿತು, ಮನೆ ಅಡುಗೆ ಒಲೆಯ ಕಡೆಗೆ ವಾಲಿತು. ಹೊರೆ ಎಸೆ ಎಂದು ದೋಣಿಯವರು ಕೂಗಿದರು.

“ನನ್ನನ್ನೇ ಎಸೀರಪ್ಪ,” ಅಂದಳು ಕಿಟಕಿಯಿಂದ. “ಬಳ್ಳಿಯನ್ನಾದರೆ ಪೇಟೆಯಲ್ಲಿ ಕೊಳ್ಳುವವರಿದ್ದಾರೆ.”

ದೋಣಿಯವರು ಬಳ್ಳಿಯನ್ನೇ ಎಸೆದರು. ಮನೆ ನೆಟ್ಟಗಾಗಿ ಹೋವಿತಾಳ ಬೇಲಿಯ ಪಕ್ಕಕ್ಕೆ ಬಂದು ಕೂತಿತು.

ಆ ಮಾಗಿ ಇಬ್ಬರೂ ಒಂದೇ ಒಲೆಯ ಮುಂದೆ ಆಲೂಗಡ್ಡೆ ಸುಲಿದರು. ಜೊತೆಯ ಸುಖ ಏನೆಂದು ಹೋವಿತಾಗೆ ಮರೆತೇ ಹೋಗಿತ್ತು, ಇವಳು ಇಲ್ಲೇ ಉಳಿದುಬಿಡಲಿ ಎಂದು ದಿನವೂ ಬೇಡಿಕೊಳ್ಳುತ್ತಿದ್ದಳು. ಆದರೆ ಎರ್ಸಿಲಿಯಾ ಬೆಳಗಾದರೆ ಬಾಗಿಲು ತೆರೆದು, ನಿನ್ನೆಯಂತೆಯೇ ಬಿದ್ದುಕೊಂಡಿದ್ದ ಕೆಸರಿನ ದಂಡೆಯನ್ನು ನೋಡಿ, ಮತ್ತೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಪೀಪಾಯಿಗಳನ್ನೂ ಊರವರಿಗೆ ಹಿಂದಕ್ಕೆ ಕೊಟ್ಟಿರಲಿಲ್ಲ.

ಚಳಿ ಮುರಿದ ಮೇಲೆ ಒಂದು ದಿನ ಕೋಲಿಲ್ಲದೆ ಬೇಲಿಯ ತನಕ ನಡೆದು ಬಂದಳು. ಹೋವಿತಾಳನ್ನು ಅವಳು ಕೊನೆಗೆ ಕೇಳಿದ್ದು ಇದನ್ನೇ.

“ಮುಂದಿನ ದೊಡ್ಡ ಉಬ್ಬರ ಯಾವತ್ತೇ? ದೋಣಿಯವರನ್ನ ನೀನು ಕರೀತೀಯೋ, ನಾನೇ ಕರೀಲೋ?”